ಕಣ್ಣಿಗೆ ಕ್ಯಾಮೆರಾ ಏರುವ ಮೊದಲೇ ಫೋಕಸ್

ವೃತ್ತಿಯಲ್ಲಿರುವವರು ಈಗಲೂ ಕೈಯಿಂದಲೇ ಫೋಕಸ್ ಮಾಡುವ ಮ್ಯಾನ್ಯುಯಲ್ ರೇಂಜ್‌ಫೈಂಡರ್ ಕ್ಯಾಮೆರಾವನ್ನೇ ಇಷ್ಟಪಡುತ್ತಾರಾ ಅಂತ ಈಗಷ್ಟೇ ಕ್ಯಾಮೆರಾ ಹಿಡಿದವರು ನನ್ನನ್ನು ಕೇಳುತ್ತಿರುತ್ತಾರೆ. ಬಹುಪಾಲು ಮಂದಿ ಇಲ್ಲ. ಮದುವೆ, ಕ್ರಿಕೆಟ್, ವನ್ಯಜೀವಿ, ದಿನಪತ್ರಿಕೆ, ಎಲ್ಲ ಕಡೆ ಆಟೋಫೋಕಸ್ ಗೆದ್ದು ದಶಕಗಳಾದವು. ನನ್ನ ಹೊಟ್ಟೆಪಾಡು ನಡೆಯುವುದೂ ಲೆನ್ಸ್ ಕಂಡದ್ದನ್ನು ಪರದೆಯಲ್ಲಿ ತೋರಿಸುವ ಮಿರರ್‌ಲೆಸ್ ಕ್ಯಾಮೆರಾದಿಂದಲೇ. ಆದರೂ ಬ್ಯಾಗಿನಲ್ಲಿ ಹಳೆಯ ಫಿಲ್ಮ್ ರೇಂಜ್‌ಫೈಂಡರ್ ಲೈಕಾ ಎಂ6, ಅದರ ಮೂತಿಗೊಂದು 35 ಎಂ.ಎಂ. ಲೆನ್ಸ್ ಸದಾ ಇರುತ್ತದೆ. ಅದನ್ನು ಯಾವಾಗ ಕೈಗೆತ್ತಿಕೊಳ್ಳುತ್ತೇನೆ, ಯಾವಾಗ ಮುಟ್ಟುವುದಿಲ್ಲ ಅನ್ನುವುದನ್ನು ಬರೆಯುತ್ತೇನೆ.

ಮಾಂಗಲ್ಯಧಾರಣೆಗೆ ಮುಟ್ಟುವುದಿಲ್ಲ. ಗಟ್ಟಿಮೇಳ ಶುರುವಾಯಿತೆಂದರೆ ಅಕ್ಷತೆ ಹಾರುತ್ತದೆ, ಸೋದರಮಾವ ಅಡ್ಡ ಬರುತ್ತಾರೆ, ಹಿಂದಿನವರು ಮೊಬೈಲ್ ಎತ್ತುತ್ತಾರೆ. ಆ ನೂಕುನುಗ್ಗಲಿನಲ್ಲೂ ಮದುಮಗಳ ಕಣ್ಣನ್ನು ಗುರುತಿಸಿ ಬಿಡದೆ ಹಿಡಿದುಕೊಳ್ಳುವ ಆಟೋಫೋಕಸ್, ಒಂದೇ ಚಿತ್ರವನ್ನು ಎರಡು ಕಾರ್ಡಿಗೆ ಬರೆಯುವ ಕ್ಯಾಮೆರಾ ಬೇಕು. ಮನೆಯವರು ದುಡ್ಡು ಕೊಟ್ಟಿರುವುದೇ ಆ ಗಳಿಗೆಗೆ. ಮೈಸೂರಿನ ಜಂಬೂಸವಾರಿಯಲ್ಲಿ ದೂರದಿಂದ ಅಂಬಾರಿಯನ್ನು ಹಿಡಿಯುವುದಕ್ಕೂ ಅಷ್ಟೆ. ಅದಕ್ಕೆ ಉದ್ದದ ಲೆನ್ಸ್ ಬೇಕು; ಲೈಕಾ ಎಂ ಸಾಲಿನ ಕ್ಯಾಮೆರಾದ ನೋಡುವ ಕಿಂಡಿಯಲ್ಲಿ 135 ಎಂ.ಎಂ. ಲೆನ್ಸಿನವರೆಗೆ ಮಾತ್ರ ಚಿತ್ರದ ಅಂಚು ತೋರಿಸುವ ಚೌಕಟ್ಟಿನ ಗೆರೆಗಳಿವೆ, ಅದೂ ಅಂಚೆಚೀಟಿಯಷ್ಟು ಚಿಕ್ಕದು.

ಈ ಕ್ಯಾಮೆರಾದ ಕೆಲಸ ತಿಳಿಯದವರಿಗೆ ಎರಡು ಮಾತು. ಇಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಗಾಜಿನ ಕಿಂಡಿಯಲ್ಲಿ ನೋಡುತ್ತೇವೆ. ಅಲ್ಲಿಂದ ಸುಮಾರು ಏಳು ಸೆಂಟಿಮೀಟರ್ ಆಚೆ ಇನ್ನೊಂದು ಪುಟ್ಟ ಕಿಂಡಿ. ಅದು ಕಂಡ ಚಿತ್ರ ನಮ್ಮ ನೋಟದ ನಡುವೆ ಮಸುಕಾದ ಚೌಕವಾಗಿ ಬಂದು ಕೂರುತ್ತದೆ. ಫೋಕಸ್ ಉಂಗುರ ತಿರುಗಿಸಿದಂತೆ ಆ ಚಿತ್ರ ಅಡ್ಡಡ್ಡ ಸರಿಯುತ್ತದೆ. ಎರಡೂ ಬಿಂಬ ಒಂದಾದಲ್ಲಿ ಫೋಕಸ್. 1954ರ ಲೈಕಾ ಎಂ3ಯಿಂದ ಇಂದಿನ ಡಿಜಿಟಲ್ ಎಂ11ರವರೆಗೆ ಈ ಏರ್ಪಾಡಿನ ತಿರುಳು ಅದೇ.

ಇದರ ಪರವಾಗಿ ಹಿರಿಯರು ಹೇಳುತ್ತಿದ್ದ ಹಲವು ವಾದಗಳು ಇವತ್ತು ನಿಲ್ಲುವುದಿಲ್ಲ. ಸದ್ದಿಲ್ಲ ಎನ್ನುತ್ತಿದ್ದರು. 1959ರ ನಿಕಾನ್ ಎಫ್ ಬಂದ ಮೇಲೆ ಪತ್ರಿಕಾ ಛಾಯಾಗ್ರಾಹಕರು ಒಳಗಿನ ಕನ್ನಡಿಯಿಂದ ಲೆನ್ಸಿನ ನೋಟ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾಗಳ ಕಡೆ ಹೊರಳಿದರು, ಕನ್ನಡಿ ಮೇಲೇಳುವ ಟಪ್ ಸದ್ದಿನೆದುರು ಲೈಕಾದ ಪಿಸುಮಾತು ನಿಜಕ್ಕೂ ದೊಡ್ಡ ಗುಣವಾಗಿತ್ತು. 2017ರ ಸೋನಿ ಎ9 ಸದ್ದೇ ಇಲ್ಲದೆ, ನೋಟವೂ ಕಪ್ಪಾಗದೆ ಸೆಕೆಂಡಿಗೆ 20 ಚಿತ್ರ ತೆಗೆಯಿತು. ಮಬ್ಬು ಬೆಳಕಿನ ಫೋಕಸ್ಸಿನಲ್ಲೂ ಹೊಸ ಕ್ಯಾಮೆರಾಗಳದ್ದೇ ಮೇಲುಗೈ.

ಹಾಗಾದರೆ ನನಗೆ ಅದೇಕೆ ಬೇಕು? ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವ ಬಂದರೆ ಗೊತ್ತಾಗುತ್ತದೆ. ಸೇವಂತಿಗೆ ರಾಶಿ, ತಲೆಯ ಮೇಲೆ ಮೂಟೆ ಹೊತ್ತು "ಜಾಗ ಬಿಡಿ, ಜಾಗ ಬಿಡಿ" ಎನ್ನುತ್ತ ನುಗ್ಗುವವರು, ಹೂವಿನ ದಿಂಡನ್ನು ಮೊಳ ಹಾಕುವ ಕೈಗಳು. ಆ ಇಕ್ಕಟ್ಟಿನಲ್ಲಿ ಯಾರು ಚೌಕಟ್ಟಿನೊಳಕ್ಕೆ ಬರುತ್ತಾರೆ ಅನ್ನುವುದು ಬರುವ ಮೊದಲೇ ಗೊತ್ತಾಗಬೇಕು. ಎಂ6ರ ಕಿಂಡಿಯಲ್ಲಿ 35ರ ಬಿಳಿ ಗೆರೆಗಳ ಹೊರಗೂ ಜಗತ್ತು ಕಾಣುತ್ತದೆ. ಮೂಟೆಯವನು ಎಡಗಡೆ ಗೆರೆಯಾಚೆ ಇನ್ನೆರಡು ಹೆಜ್ಜೆ ದೂರ ಇದ್ದಾನೆ, ಹೂವಿನಮ್ಮ ತಲೆ ಎತ್ತುತ್ತಿದ್ದಾರೆ, ಎರಡೂ ಒಟ್ಟಿಗೆ ಕಾಣುತ್ತದೆ. ಮಿರರ್‌ಲೆಸ್ಸಿನ ಪರದೆ ನನಗೆ ತೋರಿಸುವುದು ಚಿತ್ರವನ್ನು ಮಾತ್ರ. ಚಿತ್ರವಾಗಲು ಬರುತ್ತಿರುವುದನ್ನು ತೋರಿಸುವುದು ಈ ಕಿಂಡಿ. ನಾನು ಇದಕ್ಕೆ ಅಂಟಿಕೊಂಡಿರುವುದು ಮುಖ್ಯವಾಗಿ ಇದೊಂದಕ್ಕೇ.

ಎರಡನೆಯದು ದೂರವನ್ನು ಮೊದಲೇ ಇಟ್ಟುಕೊಳ್ಳುವುದು. ಲೆನ್ಸಿನ ಕೆಳಗೆ ಬೆರಳಿಗೆ ಸಿಗುವಂಥ ಸಣ್ಣ ಹಿಡಿ ಇದೆ. ನನ್ನ ಲೆನ್ಸಿನಲ್ಲಿ ಅದು ನೇರ ಕೆಳಗಿದ್ದರೆ ಸುಮಾರು 1.2 ಮೀಟರ್. ಆಚೆ ಈಚೆ ಎಷ್ಟು ಸರಿಸಿದರೆ ಎಷ್ಟು ದೂರ ಅನ್ನುವುದು ಬೆರಳಿಗೇ ಬಾಯಿಪಾಠ. ಎದುರಿನವರಿಗೂ ನನಗೂ ನಡುವಿನ ಅಂತರವನ್ನು ಮಾರಿನ ಲೆಕ್ಕದಲ್ಲಿ ಅಳೆಯುತ್ತೇನೆ, ಕ್ಯಾಮೆರಾ ಎದೆಯ ಹತ್ತಿರ ಇರುವಾಗಲೇ ಹಿಡಿ ತನ್ನ ಜಾಗಕ್ಕೆ ಬಂದಿರುತ್ತದೆ. ಹಗಲಿನ ನೆರಳಿನಲ್ಲಿ 400 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ) ಫಿಲ್ಮಿಗೆ ಲೆನ್ಸಿನ ರಂಧ್ರವನ್ನು ಎಫ್/8ಕ್ಕೆ ಕಿರಿದಾಗಿಸಿ, ಶಟರನ್ನು 1/250 ಸೆಕೆಂಡಿಗೆ ಇಟ್ಟು ದೂರವನ್ನು 3 ಮೀಟರಿಗೆ ನಿಲ್ಲಿಸಿದರೆ ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಫೋಕಸ್ ಅನ್ನುವ ಕೆಲಸವೇ ಉಳಿಯುವುದಿಲ್ಲ. ಯಾವ ಮುಖ ಮುಖ್ಯ ಅಂತ ಯಂತ್ರ ಯೋಚಿಸುವುದಿಲ್ಲ, ಅದು ನನ್ನ ಕೆಲಸವಾಗಿಯೇ ಇರುತ್ತದೆ.

ನಸುಕಿನ ಬಲ್ಬಿನ ಬೆಳಕಿನಲ್ಲಿ ಈ ಆಟ ನಡೆಯದು. ಅದೇ ಫಿಲ್ಮನ್ನು 1600 ಐಎಸ್‌ಒಗೆ ಪುಶ್ ಮಾಡಿ (ಆ ಲೆಕ್ಕದಲ್ಲಿ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿ) ಲೆನ್ಸಿನ ರಂಧ್ರವನ್ನು ಎಫ್/2ಕ್ಕೆ ತೆರೆದರೆ, 1.2 ಮೀಟರಿನಲ್ಲಿ ಸಿಗುವ ಸ್ಪಷ್ಟತೆಯ ಆಳ ಸುಮಾರು 14 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಆಗ ನಡುವಿನ ಚೌಕವನ್ನೇ ನಂಬಬೇಕು, ಅದಕ್ಕೊಂದು ನೇರ ಗೆರೆ ಕೊಡಬೇಕು. ತಕ್ಕಡಿಯ ಸರಪಳಿ, ಸೀರೆಯ ಅಂಚು, ಕಂಬದ ಏಣು, ಯಾವುದಾದರೂ ಸರಿ. ಕೆನ್ನೆಯಂಥ ನುಣುಪು ಜಾಗಕ್ಕೆ ಹಿಡಿದರೆ ಎರಡು ಬಿಂಬ ಸೇರಿದವೋ ಇಲ್ಲವೋ ತಿಳಿಯುವುದಿಲ್ಲ. ಎಂ6ಕ್ಕೆ ಇನ್ನೊಂದು ಕಾಟವಿದೆ: ಓರೆಯಿಂದ ಬಲ್ಬು ಹೊಡೆದರೆ ಚೌಕ ಬೆಳ್ಳಗಾಗಿ ಮಾಯವಾಗುತ್ತದೆ. ಕಣ್ಣನ್ನು ಕಿಂಡಿಯ ನಟ್ಟನಡುವೆ ತಂದರೆ ಮರಳಿ ಕಾಣುತ್ತದೆ. ಕನ್ನಡಕದವರಿಗೆ 28 ಎಂ.ಎಂ. ಲೆನ್ಸಿನ ಗೆರೆಗಳು ಪೂರ್ತಿ ಕಾಣುವುದು ಕಷ್ಟ, ನಾನು 35ರಲ್ಲೇ ಇರುವುದಕ್ಕೆ ಅದೂ ಕಾರಣ.

ಮದುವೆಗಳಲ್ಲೂ ಇದಕ್ಕೆ ಒಂದು ಜಾಗ ಕಂಡುಕೊಂಡಿದ್ದೇನೆ: ಮುಹೂರ್ತಕ್ಕೆ ಮುಂಚಿನ ಅಡುಗೆಮನೆ. ಹೋಳಿಗೆ ತಟ್ಟುವ ಭಟ್ಟರು, ಬಾಳೆಎಲೆ ಒರೆಸುವವರು, ಹಬೆ. ಆ ಚಿತ್ರಗಳನ್ನು ಯಾರೂ ಕೇಳಿರುವುದಿಲ್ಲ, ಆದರೆ ಆಲ್ಬಮ್ ನೋಡುವಾಗ ಮನೆಯ ಹಿರಿಯರು ತಡೆದು ನಿಲ್ಲುವುದು ಅಲ್ಲೇ. ಅಲ್ಲಿ ಒಂದು ಚಿತ್ರ ತಪ್ಪಿದರೂ ಯಾರ ಗಂಟೂ ಹೋಗುವುದಿಲ್ಲ, ಹಾಗಾಗಿ ನಿಧಾನವಾಗಿ ನೋಡುವ ಧೈರ್ಯವಿರುತ್ತದೆ.

ಕಲಿಯುವ ಆಸೆಯಿದ್ದರೆ ಲೈಕಾಗೆ ಸಾಲ ಮಾಡಬೇಡಿ. 1970ರ ದಶಕದ ಕ್ಯಾನನ್ ಕ್ಯಾನನೆಟ್ ಕ್ಯೂಎಲ್17 ಜಿ3 ಹಳೇ ಕ್ಯಾಮೆರಾ ಮಾರುವವರಲ್ಲಿ ಸಿಗುತ್ತದೆ, 40 ಎಂ.ಎಂ. ಎಫ್/1.7 ಲೆನ್ಸ್ ಬಲು ಚೆನ್ನ. ಕೊಳ್ಳುವಾಗ ದೂರದ ಟವರ್ ನೋಡಿ, ಉಂಗುರವನ್ನು ಅನಂತಕ್ಕೆ ತಿರುಗಿಸಿದಾಗ ಎರಡು ಬಿಂಬ ಒಂದಾಗಬೇಕು. ಶಟರ್ ವೇಗವನ್ನು 1/4ಕ್ಕಿಟ್ಟು ಒತ್ತಿ, ಶಟರಿನ ತೆಳು ತಗಡಿನ ಎಲೆಗಳು ಅಂಟಿಕೊಂಡಿದ್ದರೆ ಅಲ್ಲೇ ತಿಳಿಯುತ್ತದೆ. ಬೆಳಕು ನುಗ್ಗದಂತೆ ತಡೆಯುವ ಹಿಂಬಾಗಿಲಿನ ಸ್ಪಂಜು ಪುಡಿಯಾಗಿದ್ದರೆ ಹೆದರಬೇಡಿ, ಬದಲಿಸುವುದು ಸುಲಭ. ಅದರ ಬೆಳಕಿನ ಮೀಟರ್ ಕೇಳುವ ಪಾದರಸದ ಸೆಲ್ ಈಗ ಸಿಗುವುದಿಲ್ಲ, ಆದರೆ ಸೆಲ್ ಇಲ್ಲದೆಯೂ ಶಟರ್ ಎಲ್ಲ ವೇಗದಲ್ಲೂ ಓಡುತ್ತದೆ. ಬೆಳಕನ್ನು ಫೋನಿನ ಮೀಟರ್ ಆ್ಯಪ್‌ನಲ್ಲಿ ನೋಡಿಕೊಂಡು ಕ್ಯಾಮೆರಾವನ್ನು ಆಟೋದಿಂದ ಹೊರಗೇ ಇಟ್ಟುಕೊಳ್ಳಿ.