ಸಹೋದ್ಯೋಗಿಗಳ ಬೋಧನೆಯನ್ನು ತೂಗಲು ಹೊರಟಾಗ

ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಿಗೆ ಬೋಧನೆಯ ತರಬೇತಿ ಕೊಡುವ ಶಿಕ್ಷಣ ಘಟಕದ ಹೊಣೆ ನನ್ನ ಹೆಗಲಿಗೆ ಬಂದದ್ದು 2019ರಲ್ಲಿ, ವಿದ್ಯಾರ್ಥಿ ಏನನ್ನು ಮಾಡಬಲ್ಲ ಎಂಬುದಕ್ಕೆ ಒತ್ತು ಕೊಡುವ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮ ದೇಶದಲ್ಲಿ ಜಾರಿಯಾದ ವರ್ಷವೇ. ಕಾರ್ಯಾಗಾರ ನಡೆಸಿ, ಸಹಿ ಹಾಕಿಸಿಕೊಂಡು, ಪ್ರಮಾಣಪತ್ರ ಹಂಚಿದರೆ ಕೆಲಸ ಮುಗಿಯಿತೆಂದು ಕೆಲಕಾಲ ನಾನೂ ನಂಬಿದ್ದೆ. ಉತ್ತಮ ಅಧ್ಯಾಪಕರ ಪ್ರಶಸ್ತಿಗೆ ಹೆಸರು ಸೂಚಿಸಬೇಕಾಗಿ ಬಂದಾಗ, ಯಾರು ಚೆನ್ನಾಗಿ ಮಾತನಾಡುತ್ತಾರೆ ಎಂಬುದರ ಹೊರತು ನನಗೆ ಬೇರೇನೂ ತಿಳಿದಿಲ್ಲವೆಂಬುದು ಅರಿವಾಯಿತು.

ಸಂಶೋಧನೆಯೊಂದೇ ವಿದ್ವತ್ತಲ್ಲ, ಬೋಧನೆಯೂ ವಿದ್ವತ್ತೇ ಎಂದು ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲಿ ವಾದಿಸಿದ್ದರು. ಅದನ್ನು ತೂಗಲು 1997ರಲ್ಲಿ ಚಾರ್ಲ್ಸ್ ಗ್ಲಾಸಿಕ್ ಮತ್ತು ಸಂಗಡಿಗರು ಆರು ಮಾನದಂಡಗಳನ್ನು ಕೊಟ್ಟರು: ಸ್ಪಷ್ಟ ಗುರಿ, ತಕ್ಕ ಸಿದ್ಧತೆ, ಸೂಕ್ತ ವಿಧಾನ, ಗಣನೀಯ ಫಲಿತಾಂಶ, ಪರಿಣಾಮಕಾರಿ ಮಂಡನೆ, ಆತ್ಮವಿಮರ್ಶೆ. ನಾನು ಒಂದೊಂದಕ್ಕೆ ಐದು ಅಂಕದಂತೆ ನಮೂನೆ ಮಾಡಿದೆ. ಅಧ್ಯಾಪಕರೊಬ್ಬರು ತಮ್ಮ ಬೋಧನೆಯ ದಾಖಲೆಗಳನ್ನು ಜೋಡಿಸಿ ಕೊಟ್ಟ ಒಂದೇ ಕಡತಕ್ಕೆ ಒಬ್ಬ ಮೌಲ್ಯಮಾಪಕರು 24, ಇನ್ನೊಬ್ಬರು 13 ಕೊಟ್ಟರು. ಸಭೆಯಲ್ಲಿ ಅಂಕದ ಜಗಳ ನಡೆಯಿತೇ ಹೊರತು ಪಾಠದ ಮಾತು ಬರಲಿಲ್ಲ. ಅಂಕಗಳನ್ನು ಕೈಬಿಟ್ಟು, ಪ್ರತಿ ಮಾನದಂಡಕ್ಕೂ ಎರಡು ವಾಕ್ಯದ ಅಭಿಪ್ರಾಯವನ್ನೂ ಅದಕ್ಕೆ ಆಧಾರವಾದ ಪುಟಸಂಖ್ಯೆಯನ್ನೂ ಬರೆಯಬೇಕೆಂದು ಗೊತ್ತುಮಾಡಿದ ಮೇಲೆ ಮೌಲ್ಯಮಾಪಕರು ಕಡತವನ್ನು ನಿಜಕ್ಕೂ ಓದತೊಡಗಿದರು.

ಸಮುದಾಯ ವೈದ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರ ಕಡತ ಈ ವಿಧಾನಕ್ಕೆ ಒರೆಗಲ್ಲಾಯಿತು. ಹೊರರಾಜ್ಯದ ವಿದ್ಯಾರ್ಥಿಗಳು ಕನ್ನಡದಲ್ಲಿ ರೋಗಿಯ ವೃತ್ತಾಂತ ಕೇಳುವುದನ್ನು ಅವರು ಕಲಿಸುತ್ತಿದ್ದರು. 'ನೋವು ಎಲ್ಲಿದೆ?' ಎಂದು ಬಾಯಿಪಾಠ ಮಾಡಿಕೊಂಡು ಕೇಳುವ ಹುಡುಗನಿಗೆ ಉತ್ತರವಾಗಿ ಬರುವ 'ಹೊಟ್ಟೆ ತೊಳೆಸಿದ ಹಾಗಾಗುತ್ತೆ', 'ಕಣ್ಣಿಗೆ ಕತ್ತಲೆ ಬಂತು', 'ಕಾಲು ಜೋಮು ಹಿಡಿಯುತ್ತೆ' ಎಂಬ ಮಾತುಗಳು ಅರ್ಥವಾಗುವುದಿಲ್ಲ. ಸಹೋದ್ಯೋಗಿಯ ಪಾಠ ರೋಗಿಯ ಉತ್ತರದಿಂದಲೇ ಆರಂಭವಾಗುತ್ತಿತ್ತು. ಆದರೆ ಕಡತದಲ್ಲಿ ಇದ್ದದ್ದು ಛಾಯಾಚಿತ್ರಗಳು, ಪ್ರಮಾಣಪತ್ರಗಳು ಮತ್ತು 'ತುಂಬಾ ಚೆನ್ನಾಗಿತ್ತು' ಎಂದು ವಿದ್ಯಾರ್ಥಿಗಳು ಬರೆದ ಹಾಳೆಗಳು ಮಾತ್ರ. ವಿದ್ಯಾರ್ಥಿಗಳ ಮೆಚ್ಚುಗೆ ಕಲಿಕೆಗೆ ಸಾಕ್ಷಿಯಲ್ಲ ಎಂದು ಹೇಳಲು ನನಗೆ ಮುಜುಗರವಾಯಿತು, ಏಕೆಂದರೆ ನನ್ನ ಕಡತದಲ್ಲೂ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಮುಂದಿನ ತಂಡಕ್ಕೆ ನಾವಿಬ್ಬರೂ ಕುಳಿತು, ಹೊರರೋಗಿ ವಿಭಾಗದಲ್ಲಿ ಪದೇ ಪದೇ ಕೇಳಿಬರುವ ಮಾತುಗಳನ್ನು ಪಟ್ಟಿ ಮಾಡಿ, ಪಾಠಕ್ಕೆ ಮೊದಲೂ ಅನಂತರವೂ ಒಂದೇ ತಾಳೆಪಟ್ಟಿಯಿಂದ (ಚೆಕ್‌ಲಿಸ್ಟ್) ವಿದ್ಯಾರ್ಥಿಗಳನ್ನು ಗಮನಿಸಿದೆವು. ಮೊದಲ ಪ್ರಯತ್ನ ಕೆಟ್ಟಿತು. ರೋಗಿಯ ಪಾತ್ರ ವಹಿಸಿದ ಆಸ್ಪತ್ರೆಯ ಸಿಬ್ಬಂದಿ, ಹುಡುಗರು ತಡವರಿಸಿದಾಗ ಕನಿಕರದಿಂದ ಇಂಗ್ಲಿಷ್ ಪದ ಹೇಳಿಬಿಡುತ್ತಿದ್ದರು. ಆ ವೈಫಲ್ಯವನ್ನೂ, ಪಾತ್ರಧಾರಿಗಳಿಗೆ ಮತ್ತೆ ತರಬೇತಿ ಕೊಟ್ಟದ್ದನ್ನೂ ಸಹೋದ್ಯೋಗಿ ತಮ್ಮ ಕಡತದಲ್ಲಿ ಒಂದು ಪುಟ ಬರೆದರು. ಆತ್ಮವಿಮರ್ಶೆಯ ಮಾನದಂಡದಡಿ ಉಳಿದ ಅಧ್ಯಾಪಕರು 'ಇನ್ನೂ ಸಮಯ ಬೇಕಿತ್ತು' ಎಂದಷ್ಟೇ ಬರೆದು ಮುಗಿಸಿದ್ದರು.

ಬೋಧನೆ ವಿದ್ವತ್ತಾಗಬೇಕಾದರೆ ಅದು ಬಹಿರಂಗವಾಗಬೇಕು, ಸಮಾನರ ವಿಮರ್ಶೆಗೆ ಒಳಪಡಬೇಕು, ಇತರರು ಅದರ ಮೇಲೆ ಕಟ್ಟುವಂತಿರಬೇಕು ಎನ್ನುವುದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ ಅವರ ವಿಚಾರ. ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮಲ್ಲೂ ನಿಜವಾದ್ದರಿಂದ, ವಿಮರ್ಶೆಗೆ ಬೇರೆ ಕಾಲೇಜಿನ ಅಧ್ಯಾಪಕರೊಬ್ಬರನ್ನು ಕೇಳಿಕೊಂಡೆವು. ಅವರು ನಮ್ಮ ತಾಳೆಪಟ್ಟಿಯ ಎರಡು ಅಂಶಗಳನ್ನು ಹೊಡೆದುಹಾಕಿದರು. ಮರುವರ್ಷ ನಮ್ಮ ಮಕ್ಕಳ ವಿಭಾಗದವರು ಅದೇ ಪಟ್ಟಿಯನ್ನು ತಾಯಂದಿರ ಮಾತಿಗೆ ಹೊಂದಿಸಿಕೊಂಡರು.

ಬಡ್ತಿಯ ಅರ್ಜಿಯಲ್ಲಿ ಇವಕ್ಕೆಲ್ಲ ಇನ್ನೂ ಜಾಗವಿಲ್ಲ. ಅಲ್ಲಿ ಕೇಳುವುದು ಪ್ರಕಟವಾದ ಪ್ರಬಂಧಗಳನ್ನು. ಪ್ರಬಂಧ ಬರೆಯುವಂತೆ ಸಹೋದ್ಯೋಗಿಗೆ ನಾನೂ ಒತ್ತಾಯಿಸಿದೆ, ಅವರು ಬರೆಯುತ್ತಿದ್ದಾರೆ. ಘಟಕಕ್ಕೆ ಬರುವ ಹೊಸ ಅಧ್ಯಾಪಕರಿಗೆ ಮಾತ್ರ ನಾನು ಮೊದಲು ಓದಲು ಕೊಡುವುದು, ಪಾತ್ರಧಾರಿಗಳು ಇಂಗ್ಲಿಷ್ ಹೇಳಿಕೊಟ್ಟದ್ದನ್ನು ಬರೆದ ಆ ಒಂದು ಪುಟವನ್ನು.