ಕೀಲುನೋವು ಯಾವ ಬಗೆಯದು? ಗುರುತಿಸುವುದು ಹೀಗೆ

ಮಂಡಿ ನೋಯಲಿ, ಬೆರಳು ಊದಲಿ, ಎಲ್ಲಕ್ಕೂ ಸಂಧಿವಾತ ಎಂದು ಹೆಸರಿಟ್ಟು ಒಂದೇ ನೋವಿನ ಮಾತ್ರೆ ನುಂಗುವವರು ಬಹಳ. ಆದರೆ ಆರ್ಥ್ರೈಟಿಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದಕ್ಕೆ ವ್ಯಾಯಾಮವೇ ಮುಖ್ಯ ಮದ್ದು. ಇನ್ನೊಂದಕ್ಕೆ ಔಷಧಿ ತಡವಾದರೆ ಕೀಲು ಮತ್ತೆ ಸರಿಹೋಗದಷ್ಟು ಹಾಳಾಗುತ್ತದೆ.

ಮೊದಲು ತುರ್ತಿನ ಮಾತು. ಒಂದೇ ಕೀಲು ದಿಢೀರನೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಅಲುಗಾಡಿಸಲಾಗದಷ್ಟು ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ತಗುಲಿರಬಹುದು, ಅದು ಕೆಲವೇ ದಿನಗಳಲ್ಲಿ ಕೀಲನ್ನು ತಿಂದುಹಾಕುತ್ತದೆ. ಜ್ವರವಿಲ್ಲ ಎಂದು ಸುಮ್ಮನಿರಬೇಡಿ. ಸೋಂಕಿದ್ದರೂ ಎಲ್ಲರಿಗೂ ಜ್ವರ ಬರುವುದಿಲ್ಲ.

ಅಂಥ ತುರ್ತು ಇಲ್ಲದಿದ್ದರೆ, ವೈದ್ಯರನ್ನು ಕಾಣುವ ಮುನ್ನ ಒಂದು ವಾರ ನಾಲ್ಕು ವಿಷಯ ಬರೆದಿಡಿ:

1. ಬೆಳಗ್ಗೆ ಎದ್ದ ಮೇಲೆ ಬಿಗಿತ ಎಷ್ಟು ನಿಮಿಷ ಇತ್ತು
2. ಯಾವ ಯಾವ ಕೀಲು, ಎರಡೂ ಪಕ್ಕದಲ್ಲಿ ಇದೆಯೇ
3. ಓಡಾಡಿದರೆ ನೋವು ಹೆಚ್ಚುತ್ತದೆಯೋ, ಇಳಿಯುತ್ತದೆಯೋ
4. ಊತ ಗಟ್ಟಿಯೋ, ಒತ್ತಿದರೆ ಮೆತ್ತಗಿದೆಯೋ

ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟುಹೋಗಿ, ನಡೆದಷ್ಟೂ ನೋವು ಏರಿ, ಕೂತರೆ ಇಳಿದರೆ ಅದು ಬಹುಪಾಲು ಆಸ್ಟಿಯೋ ಆರ್ಥ್ರೈಟಿಸ್. ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಮೆತ್ತೆ, ಅಂದರೆ ಕಾರ್ಟಿಲೇಜ್, ಸವೆದು, ಪಕ್ಕದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಊತ ಗಟ್ಟಿಯಾಗಿರುವುದು ಅದಕ್ಕೇ. ಮಂಡಿ, ಸೊಂಟದ ಕೀಲು, ಹೆಬ್ಬೆರಳಿನ ಬುಡ, ಉಗುರಿಗೆ ಹತ್ತಿರದ ಗೆಣ್ಣು ಇದರ ಜಾಗಗಳು. ಮಂಡಿಗಾದರೆ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ 5 ಸೆಕೆಂಡ್ ಹಿಡಿದು ಇಳಿಸಿ. ಒಂದೊಂದು ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯು ಬಲವಾದಷ್ಟೂ ಮಂಡಿಗೆ ಆಸರೆ. ತೂಕ ಹೆಚ್ಚಿದ್ದವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ. ನೋವೆಂದು ಮಂಚ ಹಿಡಿದರೆ ಸ್ನಾಯು ಸೊರಗಿ ನೋವು ಇನ್ನೂ ಹೆಚ್ಚುತ್ತದೆ.

ಬಿಗಿತ ಒಂದು ಗಂಟೆ ದಾಟಿ, ಎರಡೂ ಕೈಗಳ ಮಣಿಕಟ್ಟು, ಬೆರಳಿನ ಬುಡ, ಪಾದದ ಮುಂಭಾಗ ಒಟ್ಟಿಗೇ ನೋಯುತ್ತಿದ್ದರೆ ರೂಮಟಾಯ್ಡ್ ಆರ್ಥ್ರೈಟಿಸ್ ಎಂದು ಅನುಮಾನಿಸಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುವ ಕಾಯಿಲೆ ಇದು. ಊತ ಮೆತ್ತಗಿರುತ್ತದೆ, ಉಗುರ ಬಳಿಯ ಗೆಣ್ಣಿಗೆ ಸಾಮಾನ್ಯವಾಗಿ ಬರುವುದಿಲ್ಲ. ಮನೆಯಲ್ಲೇ ನೋಡಬಹುದು: ಕೈ ಕುಲುಕುವಂತೆ ಬೆರಳುಗಳ ಬುಡವನ್ನು ಎರಡೂ ಪಕ್ಕದಿಂದ ಮೆಲ್ಲಗೆ ಹಿಂಡಿಸಿಕೊಳ್ಳಿ. ಅಷ್ಟಕ್ಕೇ ಚುರುಕ್ ಎಂದರೆ ಕೆಲವೇ ವಾರಗಳೊಳಗೆ ರೂಮಟಾಲಜಿಸ್ಟ್ (ಕೀಲುರೋಗದ ತಜ್ಞರು) ನೋಡಬೇಕು. ಆರ್‌ಎಫ್ (ರೂಮಟಾಯ್ಡ್ ಫ್ಯಾಕ್ಟರ್) ಎಂಬ ರಕ್ತಪರೀಕ್ಷೆಯೊಂದನ್ನೇ ನಂಬಬೇಡಿ. ಕಾಯಿಲೆ ಇದ್ದೂ ಅದು ನೆಗೆಟಿವ್ ಬರಬಹುದು, ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು. ಆ್ಯಂಟಿ ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಹೆಚ್ಚು ಖಚಿತ.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಉರಿದು, ಹೊದಿಕೆ ತಾಗಿದರೂ ತಡೆಯಲಾಗದಿದ್ದರೆ ಗೌಟ್ ಇರಬಹುದು. ರಕ್ತದಲ್ಲಿನ ತ್ಯಾಜ್ಯವಾದ ಯೂರಿಕ್ ಆಸಿಡ್ ಹರಳುಗಟ್ಟಿ ಕೀಲಿನೊಳಗೆ ಕೂತಿರುತ್ತದೆ. ಇಲ್ಲೊಂದು ಎಡವಟ್ಟಿದೆ: ನೋವು ಏರಿರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ಸಹಜವಾಗಿಯೇ ಕಾಣಬಹುದು. ನೋವು ಇಳಿದು ಎರಡು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಿ. ಚಿಕಿತ್ಸೆ ಆರಂಭಿಸಿದವರಿಗೆ ಗುರಿ, ಒಂದು ಡೆಸಿಲೀಟರ್ ರಕ್ತಕ್ಕೆ 6 ಮಿಲಿಗ್ರಾಂಗಿಂತ ಕಡಿಮೆ.

ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇದ್ದು, ಉಗುರಲ್ಲಿ ಸಣ್ಣ ಗುಳಿಗಳಾಗಿ, ಇಡೀ ಬೆರಳೇ ಬುಡದಿಂದ ತುದಿಯವರೆಗೆ ಊದಿದರೆ ಸೋರಿಯಾಟಿಕ್ ಆರ್ಥ್ರೈಟಿಸ್. 45ರೊಳಗೆ ಶುರುವಾಗಿ ಮೂರು ತಿಂಗಳು ಮೀರಿದ ಬೆನ್ನುನೋವು, ಮಲಗಿದರೆ ಹೆಚ್ಚಿ ಓಡಾಡಿದರೆ ಇಳಿದರೆ, ಬೆನ್ನುಮೂಳೆಯ ಉರಿಯೂತ ಇರಬಹುದು.

ಔಷಧಿಯಲ್ಲಿ ಆಗುವ ಅತಿ ಅಪಾಯದ ತಪ್ಪು, ರೂಮಟಾಯ್ಡ್‌ನಂಥ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್‌ನದು. ಕೀಲಿನ ಕಾಯಿಲೆಗೆ ಅದನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ವಾರದ ಯಾವ ದಿನ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ, ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಬೇರೆ ದಿನಕ್ಕೆ ಇರಲಿ. ಗರ್ಭಧಾರಣೆಯ ಯೋಚನೆ ಇದ್ದರೆ ಶುರು ಮಾಡುವ ಮುನ್ನವೇ ವೈದ್ಯರಿಗೆ ತಿಳಿಸಿ.