ಹನ್ನೆರಡು ಅಟಾರಿಗಳ ಉಂಗುರ: ಮಿಡಿ ಮೇಜ್ ಆಡಿಸಿದ ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ಹನ್ನೆರಡು ಅಟಾರಿ ಎಸ್‌ಟಿಗಳನ್ನು (1980ರ ದಶಕದ ಮನೆ ಕಂಪ್ಯೂಟರುಗಳು), ಸಂಗೀತ ವಾದ್ಯಗಳನ್ನು ಬೆಸೆಯುವ ಮಿಡಿ ತಂತಿಗಳಿಂದ ಒಂದೇ ಉಂಗುರಕ್ಕೆ ಸೇರಿಸಿ, ಎರಡು ಗಂಟೆಗೂ ಹೆಚ್ಚು ಕಾಲ ಒಮ್ಮೆಯೂ ಕಡಿಯದಂತೆ ಮಿಡಿ ಮೇಜ್ ಎಂಬ, ಚಕ್ರವ್ಯೂಹದಲ್ಲಿ ಒಬ್ಬರಿಗೊಬ್ಬರು ಗುಂಡು ಹಾರಿಸುವ ಆಟ ಆಡಿಸಿದೆ. ನಾಲ್ಕು ಯಂತ್ರಗಳನ್ನು ಮೀರಿದರೆ ಇದು ನಿಲ್ಲುವುದಿಲ್ಲ, ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲೇ ಆಡಿಕೊಳ್ಳಿ ಎಂದು ಇಲ್ಲಿ ಸ್ಟುಟ್‌ಗಾರ್ಟಿನ ಗೆಳೆಯರು ಮೂರು ವರ್ಷ ಹೇಳುತ್ತಲೇ ಬಂದಿದ್ದರು.

ಜರ್ಮನಿಯಲ್ಲಿ ಎಸ್‌ಟಿ ಚೆನ್ನಾಗಿ ಮಾರಾಟವಾಗಿದ್ದರಿಂದ ಯಂತ್ರಗಳು ಇನ್ನೂ ಸಿಗುತ್ತವೆ. ಮೊದಲನೆಯದಕ್ಕೆ ಸುಮಾರು 60 ಯೂರೋ ಕೊಟ್ಟ ನೆನಪು, ಕೊನೆಯದಕ್ಕೆ 140ರ ಆಸುಪಾಸು. ಒಟ್ಟು ಹದಿನಾಲ್ಕು ಕೊಂಡೆ; ಎರಡು ಬಿಡಿಭಾಗಗಳಿಗೆ ಬಲಿಯಾದವು. ಪವರ್ ಸಪ್ಲೈಗಳ ಕೆಪಾಸಿಟರ್, ಫ್ಲಾಪಿ ಡ್ರೈವ್, ಕೇಬಲ್ ಎಲ್ಲ ಸೇರಿ ಖರ್ಚು 1,700 ಯೂರೋ ದಾಟಿರಬೇಕು.

ಒಬ್ಬರ ಮಿಡಿ ಔಟ್ ಮುಂದಿನವರ ಇನ್‌ಗೆ, ಕೊನೆಯವರದು ಮೊದಲಿನವರಿಗೆ: 1987ರಲ್ಲಿ ಕ್ಸಾಂತ್ ಸಾಫ್ಟ್‌ವೇರ್ ಬರೆದು ಹೈಬ್ರಿಡ್ ಆರ್ಟ್ಸ್ ಹೊರತಂದ ಈ ಆಟದಲ್ಲಿ ಜಾಯ್‌ಸ್ಟಿಕ್ಕಿನ ಸ್ಥಿತಿ ಹೀಗೆ ಕೈಯಿಂದ ಕೈಗೆ ಸುತ್ತುತ್ತದೆ. 31,250 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಒಂದು ಬೈಟಿಗೆ 320 ಮೈಕ್ರೋಸೆಕೆಂಡು ಹಿಡಿಯುವುದರಿಂದ, ಹನ್ನೆರಡು ಹೆಜ್ಜೆಗೆ ತಂತಿಯ ಮೇಲಿನ ಕಾಲ ನಾಲ್ಕು ಮಿಲಿಸೆಕೆಂಡಿಗೂ ಕಡಿಮೆ. ಲೆಕ್ಕ ಸರಿಯಿದ್ದರೂ ಆರನೆಯ ಯಂತ್ರ ಸೇರಿದ ಕೂಡಲೇ ಆಟ ನಿಂತುಬಿಡುತ್ತಿತ್ತು, ನಾನು ಕೇಬಲ್ಲುಗಳನ್ನೇ ಶಂಕಿಸಿ ಎರಡು ಬಾರಿ ಹೊಸ ಸೆಟ್ಟು ಕೊಂಡು ಹಣ ಕಳೆದೆ. ನಿಜವಾದ ದೋಷ ಇನ್ ಬದಿಯ ಮುದಿ ಆಪ್ಟೋಕಪ್ಲರುಗಳಲ್ಲಿತ್ತು (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಚಿಪ್ಪುಗಳು). ಅವು ತಣ್ಣಗಿದ್ದಾಗ ಸರಿಯಾಗಿದ್ದು, ಯಂತ್ರ ಕಾದ ಮೇಲೆ ಬೈಟ್ ನುಂಗುತ್ತಿದ್ದವು. ಅಂದಿನಿಂದ ಪ್ರತಿ ಯಂತ್ರದ ಔಟನ್ನು ಅದರದೇ ಇನ್‌ಗೆ ಸಿಕ್ಕಿಸಿ, ಒಂದು ಗಂಟೆ ಕಾಯಿಸಿದ ನಂತರವೇ ಪರೀಕ್ಷಿಸುತ್ತೇನೆ. ಮೂರರಲ್ಲಿ ಚಿಪ್ ಬದಲಿಸಬೇಕಾಯಿತು. ಯಂತ್ರಗಳನ್ನು ಯಾವ ಅನುಕ್ರಮದಲ್ಲಿ ಚಾಲೂ ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಒಂದು ಲ್ಯಾಪ್‌ಟಾಪನ್ನೂ ಎಮ್ಯುಲೇಟರ್ ಮೂಲಕ ಉಂಗುರಕ್ಕೆ ಸೇರಿಸಲು ಹೋಗಿ ಒಂದು ತಿಂಗಳು ಕಳೆದೆ. ಆಟ ಕಳುಹಿಸುವ ಬೈಟುಗಳು ಸಂಗೀತದ ಸಂದೇಶಗಳಲ್ಲ. ಹಾಗಾಗಿ ಅಗ್ಗದ ಯುಎಸ್‌ಬಿ-ಮಿಡಿ ಅಡಾಪ್ಟರುಗಳು ಅವುಗಳನ್ನು ಕಸವೆಂದು ಎಸೆಯುತ್ತವೆ. ಕೊನೆಗೆ ಅಡಾಪ್ಟರನ್ನೇ ಬಿಟ್ಟು, ಬೈಟುಗಳನ್ನು ಇದ್ದಂತೆಯೇ ದಾಟಿಸುವ ಮೈಕ್ರೋಕಂಟ್ರೋಲರ್ ಒಂದನ್ನು ನಡುವೆ ಕೂರಿಸಿದೆ. ಅದು ಕೆಲಸ ಮಾಡಿತು, ಆದರೆ ಆ ಹದಿಮೂರನೆಯ ಆಟಗಾರನ ಬಳಿ ಇಡೀ ಉಂಗುರ ತಡವರಿಸಿದ್ದರಿಂದ ಕಳಚಿಟ್ಟೆ.

ಈ ಆಟದ ಬೇರು ಅಟಾರಿಗಿಂತ ಹಿಂದಿನದು. 1973ರಲ್ಲಿ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಸ್ಟೀವ್ ಕೋಲಿ ಮತ್ತು ಸಂಗಡಿಗರು ಇಮ್ಲಾಕ್ ಪಿಡಿಎಸ್-1 ಎಂಬ ಕಂಪ್ಯೂಟರುಗಳೆರಡನ್ನು ಸೀರಿಯಲ್ ತಂತಿಯಿಂದ ಬೆಸೆದು ಇಂಥದೇ ಚಕ್ರವ್ಯೂಹದ ಆಟವಾದ ಮೇಜ್ ವಾರ್ ಆಡಿದ್ದರು. ಮರುವರ್ಷ ಗ್ರೆಗ್ ಥಾಂಪ್ಸನ್ ಅದನ್ನು ಎಂಐಟಿಗೆ ಒಯ್ದ ಮೇಲೆ ಎಂಟು ಮಂದಿ ಒಟ್ಟಿಗೆ ಆಡುವಂತಾಯಿತು. ತಂತಿಯ ಆಚೆ ತುದಿಯಲ್ಲಿ ಜೀವಂತ ಎದುರಾಳಿಯಿದ್ದಾನೆ ಎಂಬ ಅವರ ಆ ಪುಳಕವನ್ನು ನಾನು ಮಿಡಿ ಮೇಜ್‌ನ ತೆರೆಯಲ್ಲಿ ಆಟಗಾರರಾಗಿ ಓಡಾಡುವ ಹನ್ನೆರಡು ನಗುಮೊಗದ ಚೆಂಡುಗಳಲ್ಲಿ ಕಂಡೆ.

ಆಟದ ಮಿತಿ ಹದಿನಾರು. ಇನ್ನು ನಾಲ್ಕು ಯಂತ್ರ ಬೇಕು. ಎರಡಕ್ಕೆ ಮುಂಗಡ ಕೊಟ್ಟಾಗಿದೆ.